ಗುಮಾಸ್ತನಿಲ್ಲದ ಗಲ್ಲಾಪೆಟ್ಟಿಗೆ

ಅಂಗಡಿಗೆ ಹೋಗಿ ಒಂದು ಕಿಲೋಗ್ರಾಂ ತೊಗರಿಬೇಳೆಯನ್ನು ಕೊಂಡು ತರುವುದು ಅತಿ ಸಾಮಾನ್ಯವಾದ ಕೆಲಸ. ಆದರೆ ಅದನ್ನು ಬಿಡಿಸಿ ನೋಡಿದರೆ ಅದರೊಳಗೆ ಮೂರು ಬೇರೆ ಬೇರೆ ಕೆಲಸಗಳು ಅಡಗಿರುವುದು ಕಂಡುಬರುತ್ತದೆ. ಸರಕನ್ನು ಅದಿರುವ ಜಾಗದಿಂದ ತೆಗೆದುಕೊಡುವುದು ಮೊದಲನೆಯದು. ಯಾವ ಸರಕು, ಎಷ್ಟು, ಅದರ ಬೆಲೆಯೇನು ಎಂಬುದನ್ನು ಗೊತ್ತುಮಾಡಿ ಲೆಕ್ಕ ಹಾಕುವುದು ಎರಡನೆಯದು. ಹಣವನ್ನು ಎಣಿಸಿ ತೆಗೆದುಕೊಳ್ಳುವುದು ಮೂರನೆಯದು. ನಮ್ಮ ಬೀದಿಯ ಕೊನೆಯಲ್ಲಿರುವ ಕಿರಾಣಿ ಅಂಗಡಿಯವರು ಈ ಮೂರನ್ನೂ ತಾವೊಬ್ಬರೇ ಮಾಡಿ ಮುಗಿಸುತ್ತಾರೆ. ನಡುನಡುವೆ ನಮ್ಮ ಮನೆಯವರ ಕ್ಷೇಮಸಮಾಚಾರವನ್ನೂ ವಿಚಾರಿಸುತ್ತಾರೆ.

ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಈ ಕೆಲಸಗಳು ಒಂದೊಂದಾಗಿ ಅಂಗಡಿಯವನ ಕೈಯಿಂದ ಗಿರಾಕಿಯ ಕೈಗೆ ಜಾರಿವೆ. ಈಗ ಅಲ್ಲಿಯೂ ಇಂಗ್ಲೆಂಡಿನಲ್ಲಿಯೂ ದೊಡ್ಡ ಅಂಗಡಿಗಳ ಬಾಗಿಲ ಬಳಿ ಸಾಲಾಗಿ ಯಂತ್ರಗಳು ನಿಂತಿರುತ್ತವೆ. ಗಿರಾಕಿಯು ತಾನು ಆರಿಸಿಕೊಂಡ ಸರಕನ್ನು ಒಂದೊಂದಾಗಿ ಯಂತ್ರಕ್ಕೆ ತೋರಿಸಿ, ಬಿಲ್ಲು ಮಾಡಿಕೊಂಡು, ಹಣ ಕಟ್ಟಿ, ತಾನೇ ಚೀಲಕ್ಕೆ ತುಂಬಿಕೊಂಡು ಹೊರಡುತ್ತಾನೆ. ಸೆಲ್ಫ್ ಚೆಕ್‌ಔಟ್ ಎಂದು ಕರೆಯುವ ಈ ಏರ್ಪಾಡಿಗೆ ನಾವು ಇಲ್ಲಿ ಸ್ವಯಂಪಾವತಿ ಎಂದು ಹೆಸರಿಟ್ಟುಕೊಳ್ಳೋಣ. ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ವಾದವು ಆ ದೇಶಗಳಲ್ಲಿ ಬಹಳ ಕಾಲದಿಂದ ನಡೆದಿದೆ. ಭೌತವಿಜ್ಞಾನದ ಪಾಠ ಹೇಳುವ ನಮಗೆ ಅಂಗಡಿಯ ವಾದದಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಯಂತ್ರವು ಏನನ್ನು ಅಳೆಯಬಲ್ಲದು, ಏನನ್ನು ಅಳೆಯಲಾರದು ಎಂಬುದು ತಿಳಿಯದೆ ಈ ವಾದ ಇತ್ಯರ್ಥವಾಗುವಂತಿಲ್ಲ. ಅಳತೆಯ ವಿಚಾರವಂತೂ ನಮ್ಮದೇ.

ಮೊದಲ ಕೆಲಸ ಗಿರಾಕಿಗೆ ದಾಟಿದ್ದು 1916ರ ಸೆಪ್ಟೆಂಬರಿನಲ್ಲಿ. ಅಮೆರಿಕದ ಟೆನೆಸಿ ಪ್ರಾಂತದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವರ್ತಕ ಪಿಗ್ಲಿ ವಿಗ್ಲಿ ಎಂಬ ವಿಚಿತ್ರ ಹೆಸರಿನ ಅಂಗಡಿಯೊಂದನ್ನು ತೆರೆದ. ಅಲ್ಲಿಯವರೆಗೆ ಗಿರಾಕಿಗಳು ಕಟ್ಟೆಯ ಈಚೆಗೆ ನಿಂತು ಚೀಟಿ ಕೊಡುತ್ತಿದ್ದರು. ಕಟ್ಟೆಯ ಆಚೆಗಿನ ಗುಮಾಸ್ತರು ಸರಕು ತೆಗೆದುಕೊಡುತ್ತಿದ್ದರು. ಸಾಂಡರ್ಸ್ ಕಟ್ಟೆಯನ್ನೇ ತೆಗೆದುಹಾಕಿದ. ಜನರು ಬುಟ್ಟಿ ಹಿಡಿದು ತಾವೇ ಕಪಾಟುಗಳ ನಡುವೆ ನಡೆದು, ಬೇಕಾದುದನ್ನು ಆರಿಸಿಕೊಂಡು, ಕಡೆಯಲ್ಲಿ ಒಂದೆಡೆ ಹಣ ಕೊಡುವುದೆಂದು ಏರ್ಪಡಿಸಿದ. ಆ ಪದ್ಧತಿಯೇ ಇಂದು ಲೋಕವನ್ನೆಲ್ಲ ವ್ಯಾಪಿಸಿದೆ. ಇದೇ ಸಾಂಡರ್ಸ್ 1937ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಾದರಿಯ ಪಕ್ಕದ ರಂಧ್ರದಲ್ಲಿ ಕೀಲಿಕೈ ತೂರಿಸಿದರೆ ಸರಕು ಪಟ್ಟಿಯ ಮೇಲೆ ತಾನಾಗಿ ಬಂದು ಬೀಳುವ ಅಂಗಡಿಯನ್ನು ಕಟ್ಟಿದ. ಜನಸಂದಣಿ ಹೆಚ್ಚಾದಾಗ ಯಂತ್ರಗಳು ಕೆಟ್ಟು ನಿಂತು, ಒಬ್ಬರ ಸರಕು ಇನ್ನೊಬ್ಬರ ಕೈಸೇರಿ, ಆ ಸಾಹಸ ನೆಲಕಚ್ಚಿತು. ಕಾಲ ಇನ್ನೂ ಪಕ್ವವಾಗಿರಲಿಲ್ಲ. ಯಂತ್ರಕ್ಕೆ ಕೈಕಾಲುಗಳು ಬಂದಿದ್ದವು, ಕಣ್ಣು ಬಂದಿರಲಿಲ್ಲ.

ಆ ಕಣ್ಣಿನ ಕಥೆ ಸ್ವಾರಸ್ಯವಾದುದು. 1949ರ ಸುಮಾರಿಗೆ ಜೋಸೆಫ್ ವುಡ್‌ಲ್ಯಾಂಡ್ ಎಂಬ ತರುಣನು ಫ್ಲಾರಿಡದ ಮಯಾಮಿ ಕಡಲತೀರದಲ್ಲಿ ಕುಳಿತು, ಸರಕಿನ ಮೇಲೆ ಯಂತ್ರವು ಓದಬಲ್ಲ ಗುರುತನ್ನು ಹೇಗೆ ಬರೆಯುವುದೆಂದು ಚಿಂತಿಸುತ್ತಿದ್ದ. ಅವನು ಬಾಲ್ಯದಲ್ಲಿ ಕಲಿತಿದ್ದ ಸಂಕೇತಲಿಪಿಯೆಂದರೆ ತಂತಿ ಕಚೇರಿಯ ಮೋರ್ಸ್ ಲಿಪಿಯೊಂದೇ. ಮರಳಿನ ಮೇಲೆ ಚುಕ್ಕಿಗಳನ್ನೂ ಅಡ್ಡಗೆರೆಗಳನ್ನೂ ಬರೆದು, ಬೆರಳುಗಳನ್ನು ತನ್ನ ಕಡೆಗೆ ಎಳೆದುಕೊಂಡಾಗ ಅವು ಉದ್ದವಾಗಿ, ದಪ್ಪ ಮತ್ತು ತೆಳು ಪಟ್ಟೆಗಳಾದವು. ವುಡ್‌ಲ್ಯಾಂಡನಿಗೂ ಅವನ ಗೆಳೆಯ ಬರ್ನಾರ್ಡ್ ಸಿಲ್ವರನಿಗೂ 1952ರಲ್ಲಿ ಪೇಟೆಂಟು ದೊರಕಿತು. ಆದರೆ ಪಟ್ಟೆಗಳನ್ನು ಬೆಳಗಲು ಅವರ ಬಳಿ ಇದ್ದುದು 500 ವಾಟಿನ ಸಾಧಾರಣ ವಿದ್ಯುದ್ದೀಪ. ಅದರ ಶಾಖ ಸಹಿಸಲಸಾಧ್ಯ. 1960ರಲ್ಲಿ ಲೇಸರ್ ಹುಟ್ಟಿ, ಗಣಕಯಂತ್ರಗಳು ಅಗ್ಗವಾಗುವವರೆಗೆ ಈ ಉಪಾಯ ಕಾಯಬೇಕಾಯಿತು. ಅನಂತರ ಐ.ಬಿ.ಎಂ. ಸಂಸ್ಥೆಯ ಜಾರ್ಜ್ ಲಾರರ್ ಪಟ್ಟೆಗಳಿಗೆ ಇಂದಿನ ರೂಪ ಕೊಟ್ಟ. 1974ರ ಜೂನ್ 26ರಂದು ಒಹಾಯೋ ಪ್ರಾಂತದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ 67 ಸೆಂಟು ಬೆಲೆಯ ಚ್ಯೂಯಿಂಗ್ ಗಮ್ ಕಟ್ಟೊಂದನ್ನು ಲೇಸರ್ ಕಿರಣದ ಮುಂದೆ ಹಿಡಿದಾಗ, ಬಾರ್‌ಕೋಡಿನ ಯುಗ ಆರಂಭವಾಯಿತು.

ಆ ಮೊದಲ ಯಂತ್ರಗಳಲ್ಲಿ ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕು, ಅಂದರೆ 632.8 ನ್ಯಾನೊಮೀಟರು ತರಂಗಾಂತರದ್ದು, ಕನ್ನಡಿಗಳಿಂದ ಪ್ರತಿಫಲಿಸಿ ಸರಕಿನ ಮೇಲೆ ಹರಿದಾಡುತ್ತಿತ್ತು. ಬಿಳಿಯ ಎಡೆಯಿಂದ ಹೆಚ್ಚು ಬೆಳಕು, ಕಪ್ಪು ಪಟ್ಟೆಯಿಂದ ಕಡಿಮೆ ಬೆಳಕು ಹಿಂದಿರುಗುವುದು. ಆ ಏರಿಳಿತವೇ ವಿದ್ಯುತ್ಸಂಕೇತವಾಗುವುದು. ಬಿಳಿಯ ಕಾಗದದ ಮೇಲೆ ಕೆಂಪು ಪಟ್ಟೆಗಳನ್ನು ಏಕೆ ಮುದ್ರಿಸುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಇಷ್ಟರಿಂದಲೇ ಊಹಿಸಬಲ್ಲರು: ಕೆಂಪು ಬೆಳಕಿಗೆ ಕೆಂಪು ಮಸಿಯೂ ಬಿಳಿಯ ಕಾಗದವೂ ಒಂದೇ. ಪಟ್ಟೆಗಳ ಕೆಳಗೆ ನಾವು ಕಾಣುವ ಹದಿಮೂರು ಅಂಕಿಗಳಲ್ಲಿ ಕಡೆಯದು ತಾಳೆ ನೋಡುವ ಅಂಕಿ. 8901234567890 ಎಂಬುದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಭಾರತದಲ್ಲಿ ನೋಂದಾಯಿತವಾದ ಸಂಸ್ಥೆಗಳ ಸಂಖ್ಯೆಗಳು 890ರಿಂದ ಆರಂಭವಾಗುತ್ತವೆ. ಮೊದಲ ಹನ್ನೆರಡರಲ್ಲಿ ಬೆಸಸ್ಥಾನದ ಅಂಕಿಗಳ ಮೊತ್ತ 28. ಸರಿಸ್ಥಾನದ ಅಂಕಿಗಳ ಮೊತ್ತ 34, ಅದರ ಮೂರರಷ್ಟು 102. ಎರಡೂ ಕೂಡಿ 130. ಹತ್ತರ ಅಪವರ್ತ್ಯವಾಗಲು ಇದಕ್ಕೆ ಸೊನ್ನೆಯನ್ನು ಸೇರಿಸಿದರೆ ಸಾಕು. ಆದ್ದರಿಂದ ಕಡೆಯ ಅಂಕಿ ಸೊನ್ನೆ. ಯಾವುದೇ ಒಂದು ಅಂಕಿಯನ್ನು ಯಂತ್ರವು ತಪ್ಪಾಗಿ ಓದಿದರೂ ಈ ತಾಳೆ ಕೂಡುವುದಿಲ್ಲ. ಮನೆಯಲ್ಲಿರುವ ಸೋಪಿನ ಪೊಟ್ಟಣದ ಮೇಲೆ ಇದನ್ನು ಮಾಡಿನೋಡಬಹುದು.

ಇಷ್ಟು ಜಾಣತನದಿಂದ ರಚಿಸಿದ ಗುರುತು ತಪ್ಪು ಓದುವುದು ಅತಿ ವಿರಳ. ಆದರೆ ಯಂತ್ರವು ಓದುವುದು ಸರಕನ್ನಲ್ಲ, ಸರಕಿನ ಮೇಲೆ ಬರೆದ ಹೆಸರನ್ನು ಮಾತ್ರ ಎಂಬ ಸಂಗತಿಯನ್ನು ಇಲ್ಲಿ ಮರೆಯಬಾರದು. ಹೆಸರೇ ಇಲ್ಲದ ಬದನೆಕಾಯಿಯನ್ನು ಅದು ಗುರುತಿಸಲಾರದು. ಕೈಚೀಲದೊಳಗೆ ಮೆಲ್ಲನೆ ಇಳಿದ ಡಬ್ಬಿಯ ಸುದ್ದಿಯೂ ಅದಕ್ಕೆ ತಿಳಿಯದು. ಗಲ್ಲಾಪೆಟ್ಟಿಗೆಯ ಬಳಿ ಗುಮಾಸ್ತನು ಕುಳಿತಿರುವವರೆಗೆ ಈ ಕೊರತೆ ಬಾಧಕವಾಗಿರಲಿಲ್ಲ. ಓದುವ ಕೆಲಸ ಯಂತ್ರದ್ದು, ನೋಡುವ ಕೆಲಸ ಗುಮಾಸ್ತನದು. 1986ರಲ್ಲಿ ಅಮೆರಿಕದ ಅಟ್ಲಾಂಟ ನಗರದ ಬಳಿಯ ಅಂಗಡಿಯೊಂದರಲ್ಲಿ ಡೇವಿಡ್ ಹಂಬಲ್ ಎಂಬುವನ ಸಂಸ್ಥೆ ತಯಾರಿಸಿದ ಸ್ವಯಂಪಾವತಿ ಯಂತ್ರವು ಕೆಲಸಕ್ಕೆ ನಿಂತಾಗ ಎರಡನೆಯ ಕೆಲಸವೂ ಗಿರಾಕಿಯ ಪಾಲಿಗೆ ಬಂತು. ಗುಮಾಸ್ತನು ಎದ್ದುಹೋದ. ನೋಡುವವರು ಯಾರು?

ಬಹುಪಾಲು ಯಂತ್ರಗಳಲ್ಲಿ ಇದಕ್ಕೆ ಸಿಕ್ಕಿದ ಉತ್ತರ ತಕ್ಕಡಿ. ಗಿರಾಕಿಯು ಸರಕನ್ನು ಓದಿಸಿದ ಮೇಲೆ ಪಕ್ಕದ ತಟ್ಟೆಯ ಮೇಲಿನ ಚೀಲದಲ್ಲಿ ಇಡಬೇಕು. ಆ ಹೆಸರಿನ ಸರಕಿಗೆ ಎಷ್ಟು ತೂಕವಿರಬೇಕೆಂಬುದು ಗಣಕಯಂತ್ರದ ಪಟ್ಟಿಯಲ್ಲಿ ಮೊದಲೇ ಇರುತ್ತದೆ. ತಟ್ಟೆಯ ತೂಕ ಅಷ್ಟೇ ಏರಿದರೆ ಸರಿ. ಹೆಚ್ಚುಕಡಿಮೆಯಾದರೆ ಚೀಲದ ಜಾಗದಲ್ಲಿ ಅನಿರೀಕ್ಷಿತ ವಸ್ತುವಿದೆ ಎಂದು ಯಂತ್ರವು ಎಲ್ಲರಿಗೂ ಕೇಳುವಂತೆ ಸಾರುವುದು. ಇಂಗ್ಲೆಂಡಿನಲ್ಲಿ ಈ ಮಾತನ್ನು ಕೇಳದವರಿಲ್ಲ. ಅದು ಅಲ್ಲಿ ಹಾಸ್ಯೋಕ್ತಿಯೇ ಆಗಿಹೋಗಿದೆ.

ಈ ತಕ್ಕಡಿಯಲ್ಲಿ ಮುಳ್ಳಿಲ್ಲ, ಬಟ್ಟುಗಳೂ ಇಲ್ಲ. ತಟ್ಟೆಯ ಕೆಳಗೆ ಒಂದು ಪುಟ್ಟ ಲೋಹದ ತೊಲೆ ಇದ್ದು, ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುವುದು. ತೊಲೆಗೆ ನಾಲ್ಕು ಕಡೆ ಲೋಹದ ಅತಿ ತೆಳುವಾದ ಹಾಳೆಯ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಇವೇ ಸ್ಟ್ರೇನ್ ಗೇಜುಗಳು. ತಂತಿಯನ್ನು ಎಳೆದರೆ ಅದರ ವಿದ್ಯುದ್ರೋಧ ಬದಲಾಗುವುದೆಂಬುದನ್ನು ಲಾರ್ಡ್ ಕೆಲ್ವಿನ್ 1856ರಲ್ಲಿಯೇ ತೋರಿಸಿದ್ದ. ಪಟ್ಟಿಯ ಉದ್ದ ಸಾವಿರದಲ್ಲೊಂದು ಪಾಲು ಹೆಚ್ಚಿದರೆ ರೋಧವು ಸಾವಿರದಲ್ಲಿ ಸುಮಾರು ಎರಡು ಪಾಲು ಹೆಚ್ಚುವುದು. 350 ಓಮಿನ ಪಟ್ಟಿಯಲ್ಲಿ ಈ ಹೆಚ್ಚಳ 0.7 ಓಮ್ ಮಾತ್ರ. ಇಷ್ಟು ಅಲ್ಪವಾದುದನ್ನು ಅಳೆಯಲು ನಾಲ್ಕು ಪಟ್ಟಿಗಳನ್ನೂ ವೀಟ್‌ಸ್ಟನ್ ಸೇತುವೆಯ ನಾಲ್ಕು ಭುಜಗಳಾಗಿ ಜೋಡಿಸುತ್ತಾರೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೀಟರ್ ಬ್ರಿಜ್ಜಿನ ತಂತಿಯ ಮೇಲೆ ಜಾಕಿಯನ್ನು ಓಡಿಸಿ, ಗ್ಯಾಲ್ವನಾಮೀಟರಿನ ಮುಳ್ಳು ಸೊನ್ನೆಗೆ ಬರುವ ಬಿಂದುವನ್ನು ಹುಡುಕಿದವರಿಗೆ ಇದು ಹೊಸತಲ್ಲ. ಅಲ್ಲಿ ಸೇತುವೆಯನ್ನು ಸಮಗೊಳಿಸುತ್ತೇವೆ. ಇಲ್ಲಿ ಸಮತೆ ಎಷ್ಟು ಕೆಟ್ಟಿತೆಂಬುದನ್ನು ಅಳೆಯುತ್ತೇವೆ. 5 ವೋಲ್ಟು ಕೊಟ್ಟ ಇಂಥ ಸೇತುವೆಯಿಂದ, 30 ಕಿಲೋಗ್ರಾಂ ಪೂರ್ಣಭಾರಕ್ಕೆ 10 ಮಿಲಿವೋಲ್ಟು ಬರುವುದೆಂದು ಇಟ್ಟುಕೊಂಡರೆ, 10 ಗ್ರಾಮಿಗೆ ಬರುವುದು ಸುಮಾರು 3.3 ಮೈಕ್ರೊವೋಲ್ಟು. ಸಂತೆಯ ಗದ್ದಲದ ನಡುವೆ ನಿಂತ ಯಂತ್ರವು ಇಷ್ಟು ಸೂಕ್ಷ್ಮವನ್ನು ಗ್ರಹಿಸುವುದು ನಿಜಕ್ಕೂ ಮೆಚ್ಚತಕ್ಕ ವಿಷಯ.

ಆದರೆ ತೊಡಕು ಇರುವುದು ತಕ್ಕಡಿಯಲ್ಲಲ್ಲ, ಸರಕಿನಲ್ಲಿ. ಒಂದು ಕಿಲೋಗ್ರಾಂ ಎಂದು ಬರೆದ ಸಕ್ಕರೆಯ ಪೊಟ್ಟಣದಲ್ಲಿ ಸರಿಯಾಗಿ 1000 ಗ್ರಾಂ ಇರುವುದಿಲ್ಲ. ಕಾನೂನೇ ಇದಕ್ಕೆ ಅವಕಾಶ ಕೊಡುತ್ತದೆ: ಬ್ರಿಟನ್ನಿನಲ್ಲಿಯೂ ನಮ್ಮ ದೇಶದಲ್ಲಿಯೂ 500 ಗ್ರಾಮಿನಿಂದ 1000 ಗ್ರಾಮಿನ ವರೆಗಿನ ಪೊಟ್ಟಣಗಳಲ್ಲಿ 15 ಗ್ರಾಮಿನಷ್ಟು ಕೊರತೆಯನ್ನು ತಾಳಿಕೊಳ್ಳಬಹುದು. ಹೀಗಿರಲು ಯಂತ್ರವು ಎಷ್ಟು ಅಂತರವನ್ನು ಕ್ಷಮಿಸಬೇಕು? ಅಂಗಡಿಯವನು ನಿರ್ಧರಿಸಬೇಕಾದ ಈ ಒಂದು ಅಂಕಿಯ ಮೇಲೆ ಎಲ್ಲವೂ ನಿಂತಿದೆ.

ಲೆಕ್ಕ ಮಾಡಿಯೇ ನೋಡೋಣ. ಪೊಟ್ಟಣಗಳ ತೂಕ ಸರಾಸರಿಯ ಸುತ್ತ ಗಂಟೆಯಾಕಾರದ ವಕ್ರರೇಖೆಯಂತೆ ಹಂಚಿಹೋಗಿದೆ, ಅದರ ಮಾನಕ ವಿಚಲನೆ 5 ಗ್ರಾಂ ಎಂದು ಊಹಿಸೋಣ. ಯಂತ್ರವು ಆಚೀಚೆ 10 ಗ್ರಾಂ ಮಾತ್ರ ಕ್ಷಮಿಸಿದರೆ, ನೂರು ಪೊಟ್ಟಣಗಳಲ್ಲಿ ನಾಲ್ಕೈದು ಪೊಟ್ಟಣಗಳು ಯಾವ ಮೋಸವೂ ಇಲ್ಲದೆ ಗಂಟೆ ಬಾರಿಸುತ್ತವೆ. ಇದು ಅಲ್ಪವೆಂದು ತೋರಬಹುದು. ಆದರೆ ಬುಟ್ಟಿಯಲ್ಲಿ ಇಂಥ ಇಪ್ಪತ್ತು ಸರಕುಗಳಿದ್ದರೆ ಒಮ್ಮೆಯಾದರೂ ಗಂಟೆ ಬಾರಿಸುವ ಸಂಭವ ನೂರಕ್ಕೆ 61. ಅರ್ಧಕ್ಕಿಂತ ಹೆಚ್ಚು ಮಂದಿ ಪ್ರಾಮಾಣಿಕರು ಸಾಲಿನೆದುರು ತಲೆತಗ್ಗಿಸಿ ನಿಲ್ಲಬೇಕಾಯಿತು! ಇದು ಸಲ್ಲದೆಂದು ಅಂಗಡಿಯವನು ಅಂತರವನ್ನು 15 ಗ್ರಾಮಿಗೆ ಹೆಚ್ಚಿಸಿದನೆನ್ನೋಣ. ಆಗ ಆ 61 ಒಮ್ಮೆಲೇ 5ಕ್ಕೆ ಇಳಿಯುವುದು. ಆದರೆ ಈಗ ಒಬ್ಬನು ಸಕ್ಕರೆಯ ಪೊಟ್ಟಣದ ಜೊತೆಗೆ 10 ಗ್ರಾಂ ತೂಕದ ಬೆಲೆಬಾಳುವ ಸಾಮಾನೊಂದನ್ನು ಸೇರಿಸಿ ತಟ್ಟೆಯಲ್ಲಿಟ್ಟರೆ, ನೂರಕ್ಕೆ 84 ಸಲ ಯಂತ್ರವು ಅದನ್ನು ಕಾಣದೆ ಬಿಡುವುದು. ಯಂತ್ರಕ್ಕೆ ತೂಕ ಗೊತ್ತು, ಬೆಲೆ ಗೊತ್ತಿಲ್ಲ. ಕ್ಷೌರದ ಅಲಗು, ತುಟಿಬಣ್ಣ, ಕೇಸರಿಯ ಡಬ್ಬಿ ಇವೆಲ್ಲ ಬೆಲೆಯಲ್ಲಿ ಭಾರ, ತೂಕದಲ್ಲಿ ಹಗುರ.

ಈ ಊಹೆಯ ಅಂಗಡಿಗೆ ದಿನಕ್ಕೆ ಸಾವಿರ ಗಿರಾಕಿಗಳು ಬರುತ್ತಾರೆಂದೂ ಅವರಲ್ಲಿ ಇಪ್ಪತ್ತು ಮಂದಿ ಮೇಲೆ ಹೇಳಿದಂತೆ ಮೋಸ ಮಾಡುತ್ತಾರೆಂದೂ ಇಟ್ಟುಕೊಳ್ಳೋಣ. ಉಳಿದ 980 ಪ್ರಾಮಾಣಿಕರಲ್ಲಿ ಸುಮಾರು 52 ಮಂದಿಯ ಮೇಲೆ ಯಂತ್ರವು ಸುಮ್ಮನೆ ಕೂಗುವುದು. ಇಪ್ಪತ್ತು ಮೋಸಗಾರರಲ್ಲಿ ತಮ್ಮ ಕೃತ್ಯದಿಂದ ಸಿಕ್ಕಿಬೀಳುವವರು ಮೂರು ಮಂದಿ. ಎಂದರೆ ಯಂತ್ರವು 55 ಸಲ ಕೂಗಿದರೆ ಅದರಲ್ಲಿ ನಿಜವಾದುದು ಮೂರು ಮಾತ್ರ. ಮೇಲ್ವಿಚಾರಣೆಗೆ ನಿಂತ ನೌಕರಳಾದರೂ ಏನು ಮಾಡಿಯಾಳು? ತೋಳ ಬಂತು ತೋಳ ಎಂಬ ಕುರುಬರ ಹುಡುಗನ ಕಥೆಯಂತಾಗಿ, ನಾಲ್ಕು ದಿನಗಳಲ್ಲಿ ಅವಳು ಚೀಲದ ಕಡೆ ಕಣ್ಣೆತ್ತಿಯೂ ನೋಡದೆ ಗುಂಡಿಯೊತ್ತಿ ಯಂತ್ರದ ಬಾಯಿ ಮುಚ್ಚಿಸುವುದನ್ನು ಕಲಿಯುವಳು. ಯಾವ ಅಂತರವನ್ನು ಆರಿಸಿಕೊಂಡರೂ ಒಂದೋ ಸಾಧುವನ್ನು ನಿಲ್ಲಿಸಬೇಕು, ಇಲ್ಲವೇ ಕಳ್ಳನನ್ನು ಬಿಡಬೇಕು. ರೋಗಪರೀಕ್ಷೆಯಲ್ಲಿಯೂ ರಾಡಾರಿನಲ್ಲಿಯೂ ಬರುವ ಇಕ್ಕಟ್ಟು ಇದೇ. ತಕ್ಕಡಿಯನ್ನು ಇನ್ನೂ ಸೂಕ್ಷ್ಮಗೊಳಿಸಿದ ಮಾತ್ರಕ್ಕೆ ಇದರಿಂದ ಪಾರಾಗಲು ಬರುವುದಿಲ್ಲ, ಏಕೆಂದರೆ ವ್ಯತ್ಯಾಸವಿರುವುದು ಪೊಟ್ಟಣಗಳಲ್ಲಿ.

ಇನ್ನು ತರಕಾರಿಯ ವಿಷಯ. ಅದಕ್ಕೆ ಪಟ್ಟೆಯಿಲ್ಲ, ಗಿರಾಕಿಯೇ ಪರದೆಯ ಮೇಲೆ ಹೆಸರನ್ನು ಮುಟ್ಟಿ ತೋರಿಸಬೇಕು. ಆಸ್ಟ್ರೇಲಿಯದ ದೊಡ್ಡ ಅಂಗಡಿಯೊಂದರ ಲೆಕ್ಕವನ್ನು ನೋಡಿದಾಗ, ಅಲ್ಲಿದ್ದ ದಾಸ್ತಾನಿಗಿಂತ ಹೆಚ್ಚು ಗಜ್ಜರಿ ಮಾರಾಟವಾಗಿತ್ತೆಂದು ಅಪರಾಧಶಾಸ್ತ್ರಜ್ಞೆ ಎಮಲಿನ್ ಟೇಲರ್ ವರದಿಮಾಡಿದ್ದಾರೆ. ಜನರು ದುಬಾರಿಯಾದ ಬೆಣ್ಣೆಹಣ್ಣನ್ನು ತಕ್ಕಡಿಯ ಮೇಲಿಟ್ಟು, ಅಗ್ಗದ ಗಜ್ಜರಿಯ ಹೆಸರನ್ನು ಮುಟ್ಟುತ್ತಿದ್ದರು. ಇಲ್ಲಿ ತಕ್ಕಡಿ ಸುಳ್ಳು ಹೇಳಲಿಲ್ಲ. ತೂಕ ಸರಿಯಾಗಿಯೇ ಇತ್ತು. ಇಂಥವರಲ್ಲಿ ಎಷ್ಟೋ ಮಂದಿ ಬೇರೆಡೆ ಒಂದು ಕಾಸನ್ನೂ ಕದಿಯದ ಗೌರವಸ್ಥರೆಂಬುದು ಟೇಲರರ ಅಭಿಪ್ರಾಯ. ಮನುಷ್ಯನೆದುರು ಹೇಳಲು ಬಾಯಿ ಬಾರದ ಸುಳ್ಳನ್ನು ಪರದೆಯೆದುರು ಬೆರಳು ಸಲೀಸಾಗಿ ಹೇಳಿಬಿಡುತ್ತದೆ.

ತಿಳಿದು ಮಾಡಿದ ಮೋಸಕ್ಕೂ ತಿಳಿಯದೆ ಆದ ತಪ್ಪಿಗೂ ಇರುವ ಭೇದವನ್ನು ಯಂತ್ರವು ಕಾಣಲಾರದು. ಗುಮಾಸ್ತನು ಒಂದು ಡಬ್ಬಿಯನ್ನು ಓದಿಸಲು ಮರೆತರೆ ಅದು ಅಂಗಡಿಯ ತಪ್ಪು. ಅದೇ ಡಬ್ಬಿಯನ್ನು ಗಿರಾಕಿ ಮರೆತರೆ ಅದು ಕಳ್ಳತನದ ಸಂಶಯ. ಕೆಲಸದ ಜೊತೆಗೆ ಈ ಹೊಣೆಯೂ ಸದ್ದಿಲ್ಲದೆ ಈಚೆಗೆ ದಾಟಿಬಂದಿದೆ. ಅಮೆರಿಕದ ಅಲಬಾಮ ಪ್ರಾಂತದಲ್ಲಿ 2016ರಲ್ಲಿ, ಸ್ವಯಂಪಾವತಿ ಯಂತ್ರದಲ್ಲಿ ಹಣ ಕಟ್ಟಿ ಹೊರಟ ಮಹಿಳೆಯೊಬ್ಬಳನ್ನು ಕಳ್ಳಿಯೆಂದು ಬಂಧಿಸಲಾಯಿತು. ಯಂತ್ರವು ನಡುವೆ ಕೈಕೊಟ್ಟಿತ್ತು, ತಾನು ಹಣ ಕೊಟ್ಟಿದ್ದೇನೆ ಎಂಬುದು ಅವಳ ವಾದ. ಮೊಕದ್ದಮೆ ವಜಾ ಆಯಿತು. ಅವಳು ಅಂಗಡಿಯ ಮೇಲೆ ಹೂಡಿದ ದಾವೆಯಲ್ಲಿ ಜ್ಯೂರಿಯು 2021ರಲ್ಲಿ ಅವಳಿಗೆ 21 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಎಲ್ಲರಿಗೂ ನ್ಯಾಯಾಲಯದ ಮೆಟ್ಟಿಲು ಹತ್ತುವ ಶಕ್ತಿ ಇರುವುದಿಲ್ಲ.

ಇಷ್ಟೆಲ್ಲ ತೊಡಕಿದ್ದರೂ ಜನರು ಯಂತ್ರದ ಕಡೆಗೇ ಹೋಗುವುದೇಕೆ? ಬೇಗ ಮುಗಿಯುತ್ತದೆ ಎಂದು. ಇದು ನಿಜವೇ ಎಂಬುದನ್ನು ಪರೀಕ್ಷಿಸೋಣ. ಸಾಲಿನ ಗಣಿತಕ್ಕೆ ಬುನಾದಿ ಹಾಕಿದವನು ಡೆನ್ಮಾರ್ಕಿನ ಎರ್ಲಾಂಗ್. ಕೋಪನ್‌ಹೇಗನ್ ನಗರದ ಟೆಲಿಫೋನು ಸಂಸ್ಥೆಯಲ್ಲಿ, ಎಷ್ಟು ಕರೆಗಳಿಗೆ ಎಷ್ಟು ತಂತಿಗಳು ಬೇಕೆಂಬ ಪ್ರಶ್ನೆಗೆ ಉತ್ತರವಾಗಿ 1909ರಲ್ಲಿಯೂ 1917ರಲ್ಲಿಯೂ ಅವನು ಪ್ರಕಟಿಸಿದ ಸೂತ್ರಗಳು ಅಂಗಡಿಯ ಸಾಲಿಗೂ ಚೆನ್ನಾಗಿ ಹೊಂದುತ್ತವೆ.

ಒಂದು ಅಂಗಡಿಗೆ ಹತ್ತು ನಿಮಿಷಕ್ಕೆ ಸರಾಸರಿ 16 ಗಿರಾಕಿಗಳು ಗೊತ್ತಾದ ಕ್ರಮವಿಲ್ಲದೆ ಬಂದು ಬಿಲ್ಲಿಗೆ ನಿಲ್ಲುತ್ತಾರೆ. ನಾಲ್ವರು ಗುಮಾಸ್ತರಿದ್ದಾರೆ. ಒಬ್ಬ ಗಿರಾಕಿಗೆ ಹಿಡಿಯುವ ವೇಳೆ ಸರಾಸರಿ 2 ನಿಮಿಷ. ಕೆಲವರದು ಅರೆನಿಮಿಷದಲ್ಲಿ ಮುಗಿದರೆ ಕೆಲವರದು ಬಹಳ ಹೊತ್ತು ಹಿಡಿಯುವುದು. ನಾಲ್ವರ ಮುಂದೆಯೂ ಬೇರೆ ಬೇರೆ ಸಾಲುಗಳಿದ್ದು, ಜನರು ಸಾಲಿನಿಂದ ಸಾಲಿಗೆ ಜಿಗಿಯದೆ ನಿಂತರೆ, ಸರಾಸರಿ 8 ನಿಮಿಷ ಕಾಯಬೇಕಾಗುವುದೆಂದು ಸೂತ್ರ ಹೇಳುತ್ತದೆ. ಈಗ ಗುಮಾಸ್ತರನ್ನು ತೆಗೆದು ಆರು ಯಂತ್ರಗಳನ್ನಿಟ್ಟು, ಎಲ್ಲಕ್ಕೂ ಸೇರಿ ಒಂದೇ ಸಾಲನ್ನು ಮಾಡೋಣ. ಗಿರಾಕಿಯ ಕೈ ಗುಮಾಸ್ತನ ಕೈಯಷ್ಟು ಪಳಗಿದ್ದಲ್ಲ. ಅವನಿಗೆ 2ರ ಬದಲು 3 ನಿಮಿಷ ಹಿಡಿಯುವುದೆನ್ನೋಣ. ಆಗಲೂ ಕಾಯುವ ವೇಳೆ ಸರಾಸರಿ 1.3 ನಿಮಿಷಕ್ಕೆ ಇಳಿಯುತ್ತದೆ! ಮೊದಲು ಕಾದು, ಬಿಲ್ಲು ಮುಗಿಸಿ ಹೊರಡಲು 10 ನಿಮಿಷ, ಈಗ 4.3 ನಿಮಿಷ. ಯಂತ್ರವೇ ಗೆದ್ದಿತೆಂದು ಹೇಳೋಣವೇ?

ತುಸು ತಾಳಬೇಕು. ನಾವು ಒಂದೇ ಸಲಕ್ಕೆ ಎರಡು ಬದಲಾವಣೆಗಳನ್ನು ಮಾಡಿದ್ದೇವೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿ ಹೀಗೆ ಮಾಡಿದರೆ ನಾವು ಒಪ್ಪುವುದಿಲ್ಲ. ಗುಮಾಸ್ತರನ್ನು ಹಾಗೆಯೇ ಇಟ್ಟು, ನಾಲ್ಕು ಸಾಲುಗಳನ್ನು ಮಾತ್ರ ಒಂದಾಗಿ ಮಾಡಿದರೆ ಏನಾಗುವುದು? ಕಾಯುವ ವೇಳೆ 1.5 ನಿಮಿಷ, ಬಿಲ್ಲಿಗೆ 2 ನಿಮಿಷ, ಒಟ್ಟು 3.5 ನಿಮಿಷ. ಯಂತ್ರಕ್ಕಿಂತಲೂ ಬೇಗ! ಯಂತ್ರದ ಖಾತೆಗೆ ನಾವು ಜಮೆ ಮಾಡಿದ್ದ ಲಾಭದ ಬಹುಭಾಗ ಯಂತ್ರದ್ದಲ್ಲ, ಒಂದೇ ಸಾಲಿನದು. ಬ್ಯಾಂಕಿನಲ್ಲಿ ಟೋಕನ್ ಕೊಟ್ಟು, ಬಿಡುವಾದ ಕಿಟಕಿಗೆ ಕರೆಯುವ ಪದ್ಧತಿಯ ಗುಟ್ಟೂ ಇದೇ. ತಳ್ಳುಗಾಡಿಗಳೊಡನೆ ಒಂದೇ ಸಾಲು ನಿಲ್ಲಲು ಬೇಕಾದಷ್ಟು ಜಾಗ ಎಲ್ಲ ಅಂಗಡಿಗಳಲ್ಲೂ ಇರುವುದಿಲ್ಲವೆಂಬುದು ನಿಜ. ಯಂತ್ರಗಳು ಇಕ್ಕಟ್ಟಾದ ಜಾಗದಲ್ಲಿ ಹಿಡಿಸುತ್ತವೆ. ಒಂದು ಬ್ರೆಡ್ಡು, ಒಂದು ಹಾಲಿನ ಪೊಟ್ಟಣ ಕೊಂಡವನಿಗೆ ಅವು ನಿಶ್ಚಯವಾಗಿ ಅನುಕೂಲ. ತಾನು ಕೊಂಡ ಔಷಧವನ್ನು ಪರಿಚಯಸ್ಥ ಗುಮಾಸ್ತನ ಕಣ್ಣಿಗೆ ಬೀಳದಂತೆ ಒಯ್ಯಬಯಸುವವರಿಗೂ, ಆ ದೇಶದ ಭಾಷೆಯನ್ನು ಇನ್ನೂ ಕಲಿಯುತ್ತಿರುವ ಪರದೇಶೀಯರಿಗೂ ಮಾತಿಲ್ಲದ ಯಂತ್ರ ಹಿತವೇ. ಈ ಮಾತನ್ನು ಒಪ್ಪದೆ ಯಂತ್ರವನ್ನು ಜರೆಯುವುದು ನ್ಯಾಯವಲ್ಲ.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯವೂ ಅಡಗಿದೆ. ಮೊದಲು ಹದಿನಾರು ಗಿರಾಕಿಗಳ ಬಿಲ್ಲಿಗೆ ಗುಮಾಸ್ತರ 32 ನಿಮಿಷಗಳ ದುಡಿಮೆ ಬೇಕಾಗಿತ್ತು. ಯಂತ್ರದೆದುರು ಅದೇ ಕೆಲಸಕ್ಕೆ ಗಿರಾಕಿಗಳ 48 ನಿಮಿಷಗಳ ದುಡಿಮೆ ಬೇಕಾಯಿತು. ಎಂದರೆ ಯಂತ್ರವು ಕೆಲಸವನ್ನು ಉಳಿಸಲಿಲ್ಲ, ಹೆಚ್ಚಿಸಿತು. ಹೆಚ್ಚಿಸಿದ್ದಕ್ಕೆ ಸಂಬಳವನ್ನು ಕೊಡಬೇಕಾಗಿಲ್ಲ ಎಂಬುದಷ್ಟೇ ವಿಶೇಷ. ನೂಲುವ ಯಂತ್ರ ಬಂದಾಗ ಒಂದು ಮೊಳ ಬಟ್ಟೆಗೆ ತಗಲುವ ಮನುಷ್ಯಶ್ರಮ ಕಡಿಮೆಯಾಗಿ ಬಟ್ಟೆ ಅಗ್ಗವಾಯಿತು. ಸ್ವಯಂಪಾವತಿ ಯಂತ್ರವನ್ನು ಆ ಸಾಲಿಗೆ ಸೇರಿಸಲು ನಮ್ಮ ಮನಸ್ಸು ಒಪ್ಪುವುದಿಲ್ಲ. ನಾಲ್ವರು ಗುಮಾಸ್ತರಿದ್ದಲ್ಲಿ ಆರು ಯಂತ್ರಗಳನ್ನು ಕಾಯಲು ಒಬ್ಬಳು ಸಾಕೆಂದರೆ ಮೂವರ ಸಂಬಳ ಅಂಗಡಿಗೆ ಉಳಿಯಿತು. ಅಮೆರಿಕದಲ್ಲಿ 2023ರಲ್ಲಿ ಗಲ್ಲಾಪೆಟ್ಟಿಗೆಯ ನೌಕರಿ ಮಾಡುತ್ತಿದ್ದವರು ಸುಮಾರು 33 ಲಕ್ಷ ಮಂದಿ. ಹತ್ತು ವರ್ಷಗಳಲ್ಲಿ ಈ ಸಂಖ್ಯೆ ಸುಮಾರು ಹತ್ತರಲ್ಲೊಂದು ಪಾಲು ಇಳಿಯುವುದೆಂದು ಅಲ್ಲಿಯ ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯೇ ಅಂದಾಜು ಮಾಡಿದೆ. ಉಳಿದ ಆ ಒಬ್ಬಳ ಪಾಡೂ ಹಗುರವಾದುದಲ್ಲ. ಆರು ಯಂತ್ರಗಳ ಕೂಗಿಗೆ ಓಡಬೇಕು, ಮದ್ಯ ಕೊಳ್ಳುವವನ ವಯಸ್ಸು ನೋಡಬೇಕು, ಕಣ್ಣು ಮಂಜಾದ ಮುದುಕರಿಗೆ ಪರದೆಯನ್ನು ಓದಿಹೇಳಬೇಕು, ಕಳ್ಳನೆಂದು ತೋರಿದವನನ್ನು ತಡೆಯಲೂಬೇಕು.

ಈಚೆಗೆ ಕೆಲವು ಅಂಗಡಿಗಳವರು ಲೆಕ್ಕವನ್ನು ಮತ್ತೊಮ್ಮೆ ಹಾಕಿನೋಡಿದ್ದಾರೆ. ಇಂಗ್ಲೆಂಡಿನ ಉತ್ತರಭಾಗದ ಬೂತ್ಸ್ ಎಂಬ ಸಂಸ್ಥೆ 2023ರ ನವೆಂಬರಿನಲ್ಲಿ ತನ್ನ 28 ಅಂಗಡಿಗಳ ಪೈಕಿ ಎರಡನ್ನು ಬಿಟ್ಟು ಉಳಿದೆಲ್ಲ ಕಡೆಗಳಿಂದಲೂ ಯಂತ್ರಗಳನ್ನು ತೆಗೆಯುವುದಾಗಿ ಸಾರಿತು. ಅಮೆರಿಕದ ಟಾರ್ಗೆಟ್ ಸಂಸ್ಥೆ 2024ರ ಮಾರ್ಚಿನಲ್ಲಿ ತನ್ನ ಬಹುಪಾಲು ಅಂಗಡಿಗಳಲ್ಲಿ ಹತ್ತು ಸರಕಿಗಿಂತ ಹೆಚ್ಚು ಕೊಂಡವರು ಯಂತ್ರಕ್ಕೆ ಹೋಗಕೂಡದೆಂದು ಮಿತಿ ಹಾಕಿತು. ನಮ್ಮ ಲೆಕ್ಕದ ಪ್ರಕಾರ ಇದು ಜಾಣ ಮಿತಿ: ಇಪ್ಪತ್ತರ ಬದಲು ಹತ್ತು ಸರಕಾದರೆ ಸುಳ್ಳು ಗಂಟೆಯ ಸಂಭವವೂ ಹೆಚ್ಚು ಕಡಿಮೆ ಅರ್ಧವಾಗುವುದು. ಬಿಲ್ಲಿನ ಕಟ್ಟೆಯೇ ಬೇಡ, ಮಾಳಿಗೆಯಲ್ಲಿಟ್ಟ ಕ್ಯಾಮರಾಗಳೇ ಎಲ್ಲವನ್ನೂ ನೋಡಿಕೊಳ್ಳುತ್ತವೆ ಎಂದು 2018ರಲ್ಲಿ ಸಿಯಾಟಲ್ ನಗರದಲ್ಲಿ ಅಂಗಡಿ ತೆರೆದ ಅಮೆಜಾನ್ ಸಂಸ್ಥೆಯೂ 2024ರಲ್ಲಿ ಅಮೆರಿಕದ ತನ್ನ ದೊಡ್ಡ ದಿನಸಿ ಅಂಗಡಿಗಳಿಂದ ಆ ಏರ್ಪಾಡನ್ನು ಹಿಂತೆಗೆಯಿತು. ನೆದರ್ಲೆಂಡ್ಸಿನ ಯುಂಬೊ ಅಂಗಡಿಯವರು ಇನ್ನೊಂದು ದಾರಿ ಹಿಡಿದರು. 2019ರಲ್ಲಿ ಫ್ಲೈಮನ್ ಎಂಬ ಊರಿನಲ್ಲಿ ಅವರು ಹರಟೆಯ ಗಲ್ಲಾ ಎಂಬರ್ಥದ ಹೆಸರಿಟ್ಟು ಒಂದು ಕಟ್ಟೆಯನ್ನು ತೆರೆದರು. ಅವಸರವಿಲ್ಲದವರು, ಒಂಟಿಯಾಗಿ ಬಾಳುವ ವೃದ್ಧರು ಅಲ್ಲಿ ಗುಮಾಸ್ತರೊಡನೆ ನಾಲ್ಕು ಮಾತನಾಡುತ್ತ ಬಿಲ್ಲು ಮಾಡಿಸಬಹುದು.

ನಮ್ಮ ನಾಡಿನಲ್ಲಿ ಸರದಿ ಬೇರೆಯಾಗಿದೆ. ಬೆಂಗಳೂರಿನಂಥ ನಗರಗಳ ಕೆಲವು ಅಂಗಡಿಗಳಲ್ಲಿ ಸ್ವಯಂಪಾವತಿ ಯಂತ್ರಗಳು ಬಂದಿರುವುದುಂಟು. ಆದರೆ ಹೆಚ್ಚಿನ ಕಡೆ ಗುಮಾಸ್ತನೇ ಬಿಲ್ಲು ಮಾಡುತ್ತಾನೆ, ತರಕಾರಿಯನ್ನು ಇನ್ನೊಬ್ಬನು ತೂಗಿ ಚೀಟಿ ಅಂಟಿಸುತ್ತಾನೆ, ಬಾಗಿಲಲ್ಲಿ ಮೂರನೆಯವನು ಚೀಲವನ್ನು ಇಣುಕಿ ನೋಡಿ ಬಿಲ್ಲಿಗೆ ಮುದ್ರೆಯೊತ್ತುತ್ತಾನೆ. ಅಮೆರಿಕದವರು ಕಡೆಗೆ ಉಳಿಸಿಕೊಂಡಿದ್ದ ಮೂರನೆಯ ಕೆಲಸವೇ, ಎಂದರೆ ಹಣ ಸಲ್ಲಿಸುವ ಕೆಲಸವೇ, ಇಲ್ಲಿ ಎಲ್ಲಕ್ಕಿಂತ ಮೊದಲು ಗಿರಾಕಿಯ ಕೈಗೆ ಬಂತು. 2016ರಲ್ಲಿ ಯು.ಪಿ.ಐ. ಆರಂಭವಾದ ಮೇಲೆ, ಸೊಪ್ಪು ಮಾರುವಾಕೆಯ ಬುಟ್ಟಿಯ ಮೇಲೂ ಚೌಕಾಕಾರದ ಚುಕ್ಕಿಗಳ ಗುರುತು ಕಾಣುತ್ತದೆ. ಸೊಪ್ಪನ್ನು ಆರಿಸಿ ಕೊಡುವವಳು ಅವಳು, ಲೆಕ್ಕ ಹೇಳುವವಳು ಅವಳು; ಫೋನನ್ನು ಗುರುತಿನ ಮುಂದೆ ಹಿಡಿದು ಹಣ ಸಲ್ಲಿಸುವವರು ನಾವು. ಸಲ್ಲಿಸಿದಂತೆ ನಟಿಸಿ ಹೋಗುವವರೂ ಇದ್ದರು. ಅದಕ್ಕಾಗಿ ಅನೇಕ ಅಂಗಡಿಗಳಲ್ಲಿ ಈಗ ಒಂದು ಪುಟ್ಟ ಪೆಟ್ಟಿಗೆ ಕುಳಿತಿರುತ್ತದೆ. ಹಣ ಬಂದೊಡನೆ ಇಷ್ಟು ರೂಪಾಯಿ ಬಂದಿದೆಯೆಂದು ಗಟ್ಟಿಯಾಗಿ ನುಡಿಯುತ್ತದೆ. ಇಂಗ್ಲೆಂಡಿನ ಯಂತ್ರ ಗಿರಾಕಿಯ ಮೇಲೆ ಸಂಶಯ ಬಂದಾಗ ಕೂಗುತ್ತದೆ. ಈ ಪೆಟ್ಟಿಗೆ ಸಂಶಯ ತೀರಿದಾಗ ಕೂಗುತ್ತದೆ. ಸೊಪ್ಪಿನಾಕೆ ಅದನ್ನು ಕೇಳಿಸಿಕೊಂಡು, ತಲೆಯಾಡಿಸಿ, ಮುಂದಿನವರಿಗೆ ಕಟ್ಟನ್ನು ಆರಿಸತೊಡಗುತ್ತಾಳೆ.